ಎರಡನೇ ಎಣಿಕೆಯಲ್ಲಿ ಸೋತವರು ಯಾರು? – 1969ರ ರಾಷ್ಟ್ರಪತಿ ಚುನಾವಣೆ ಮತ್ತು ಅಪ್ಪನ ಸಿಟ್ಟು

2024ರ ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ. ಡೊಂಬಿವಲಿಯ ನಮ್ಮ ಮನೆಯಲ್ಲಿ ಊಟ ಮುಗಿಸಿ ಟಿವಿ ಮುಂದೆ ಕೂತಿದ್ದೆ. ಶ್ರೀಲಂಕಾದ ಅಧ್ಯಕ್ಷರ ಚುನಾವಣೆಯ ಎಣಿಕೆ ನಡೆಯುತ್ತಿತ್ತು. ಅನುರ ಕುಮಾರ ದಿಸ್ಸಾನಾಯಕೆ ಎಲ್ಲರಿಗಿಂತ ಮುಂದಿದ್ದರೂ ನೂರಕ್ಕೆ 42ರ ಹತ್ತಿರ ಬಂದು ನಿಂತಿದ್ದರು. ಗೆಲ್ಲಬೇಕಾದರೆ ಅರ್ಧ ದಾಟಬೇಕು. ಆ ದೇಶದ ಚರಿತ್ರೆಯಲ್ಲೇ ಮೊದಲ ಬಾರಿಗೆ ಎರಡನೇ ಪ್ರಾಶಸ್ತ್ಯದ ಮತ ಎಣಿಸುತ್ತಿದ್ದಾರೆ ಎಂದು ವಾರ್ತೆಯವರು ಹೇಳುತ್ತಿದ್ದರು.

ಪಕ್ಕದಲ್ಲಿ ಮೊಬೈಲ್ ಒತ್ತುತ್ತಾ ಕೂತಿದ್ದ ಮೊಮ್ಮಗ ತಲೆ ಎತ್ತಿದ. "ಅಜ್ಜ, ಒಂದ್ಸಲ ಎಣಿಸಿದ ಮೇಲೆ ಮತ್ತೆ ಎಣಿಸೋದು ಯಾಕೆ? ನಮ್ಮಲ್ಲಿ ಹೀಗೆಲ್ಲ ಇಲ್ಲ ಅಲ್ವಾ?"

"ಇದೆಯಪ್ಪಾ. ಒಂದೇ ಒಂದು ಸಲ ಆಗಿದೆ. ಆ ಎಣಿಕೆಯ ಮೇಲೆ ನಿನ್ನ ಮುತ್ತಜ್ಜನಿಗೂ ನನಗೂ ಎಂಟು ತಿಂಗಳು ಮಾತಿರಲಿಲ್ಲ" ಅಂದೆ.

ಅವನು ನಕ್ಕುಬಿಟ್ಟ. ರಾಷ್ಟ್ರಪತಿ ಚುನಾವಣೆಗೆ ಅಪ್ಪ-ಮಗ ಮಾತು ಬಿಡುವುದು ಈಗಿನವರಿಗೆ ತಮಾಷೆಯಾಗಿಯೇ ಕಾಣುತ್ತದೆ. ಆವತ್ತು ಅವನಿಗೆ ಅರ್ಧ ಕಥೆ ಹೇಳಿದೆ. ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಲೆಕ್ಕಾಚಾರವೂ ಇದೆ, ಬೇಸರ ಮಾಡಿಕೊಳ್ಳಬೇಡಿ. ಮೂವತ್ತೊಂಬತ್ತು ವರ್ಷ ಬ್ಯಾಂಕಿನಲ್ಲಿ ಕೂಡಿ ಕಳೆದವನು ನಾನು, ಆ ಚಟ ಬಿಡುವುದಿಲ್ಲ!

*

ನಮ್ಮೂರು ಹೊಳಲ್ಕೆರೆ ಕಡೆಯ ಒಂದು ಹಳ್ಳಿ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಖಾದಿ ಬಿಟ್ಟು ಬೇರೆ ಬಟ್ಟೆ ತೊಟ್ಟವರಲ್ಲ. ಚಿತ್ರದುರ್ಗ ಜಿಲ್ಲೆಯ ಆ ಕಾಲದ ಬಹುಪಾಲು ಜನರಂತೆ ಅವರಿಗೂ ನಿಜಲಿಂಗಪ್ಪನವರೆಂದರೆ ದೇವರ ಸಮಾನ. ದುರ್ಗದಲ್ಲಿ ವಕೀಲಿ ಮಾಡುತ್ತಿದ್ದವರು, ಸ್ವಾತಂತ್ರ್ಯ ಚಳವಳಿಗೆ ಇಳಿದವರು, ಕರ್ನಾಟಕ ಏಕೀಕರಣಕ್ಕೆ ಹೆಗಲು ಕೊಟ್ಟವರು, 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು. "ಅವರಿಲ್ಲದಿದ್ರೆ ನಾವು ನಾಲ್ಕು ಕಡೆ ಚೂರುಚೂರಾಗಿ ಬಿದ್ದಿರ್ತಿದ್ವಿ ಕಣಪ್ಪ" ಎನ್ನುತ್ತಿದ್ದರು ಅಪ್ಪ. 1968ರಲ್ಲಿ ನಿಜಲಿಂಗಪ್ಪ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದಾಗ ಅಪ್ಪ ಶಾಲೆಯ ಮಕ್ಕಳಿಗೆಲ್ಲ ಕಲ್ಲುಸಕ್ಕರೆ ಹಂಚಿದ್ದರಂತೆ.

ನಾನು 1967ರಲ್ಲಿ ಮುಂಬಯಿಗೆ ಬಂದವನು. ಆಗ ಹತ್ತೊಂಬತ್ತು ವರ್ಷ. ಫೋರ್ಟಿನಲ್ಲಿ ನಮ್ಮ ಕಡೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ, ಮಾಟುಂಗಾದಲ್ಲಿ ಒಂದು ಖೋಲಿ. ಜೊತೆಗೆ ಉಡುಪಿ ಕಡೆಯ ಮೂವರು. ಅವರಿಗೆ ಜಾರ್ಜ್ ಫರ್ನಾಂಡಿಸ್ ಎಂದರೆ ಪ್ರಾಣ. ಅದೇ ವರ್ಷ ಮಂಗಳೂರಿನ ಆ ಹುಡುಗ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಲೋಕಸಭಾ ಚುನಾವಣೆಯಲ್ಲಿ ಮಣ್ಣು ಮುಕ್ಕಿಸಿದ್ದರು. ನಮ್ಮ ಖೋಲಿಯಲ್ಲಿ ರಾತ್ರಿ ಹನ್ನೊಂದಾದರೂ ರಾಜಕೀಯ ಮುಗಿಯುತ್ತಿರಲಿಲ್ಲ. ಅಪ್ಪನ ಖಾದಿ ಕಾಂಗ್ರೆಸ್ಸು ನನ್ನಿಂದ ಮೆಲ್ಲಗೆ ಕಳಚಿಕೊಂಡದ್ದು ಆ ಖೋಲಿಯಲ್ಲೇ.

*

ಈಗ ವಿಷಯಕ್ಕೆ ಬರೋಣ. 1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಕೂತರು. ಗಿರಿ ನಮ್ಮವರಿಗೆ ಅಪರಿಚಿತರೇನಲ್ಲ, 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಬ್ಯಾಂಕಿನವರಿಗಂತೂ ಅವರ ಮೇಲೆ ಬೇರೆಯೇ ಅಭಿಮಾನ. 1954ರಲ್ಲಿ ಬ್ಯಾಂಕ್ ನೌಕರರಿಗೆ ನ್ಯಾಯಮಂಡಲಿ ಕೊಟ್ಟ ತೀರ್ಪನ್ನು ಸರ್ಕಾರ ತಿದ್ದಿದಾಗ, ಕಾರ್ಮಿಕ ಮಂತ್ರಿಯಾಗಿದ್ದ ಗಿರಿ ನೆಹರೂ ಸಂಪುಟಕ್ಕೆ ರಾಜೀನಾಮೆ ಕೊಟ್ಟು ಹೊರಬಂದಿದ್ದರು. ನಾನು ಕೆಲಸಕ್ಕೆ ಸೇರಿದಾಗ ಹಳೆಯ ಗುಮಾಸ್ತರು ಈ ಕಥೆಯನ್ನು ಪುರಾಣದಂತೆ ಹೇಳುತ್ತಿದ್ದರು.

ಮುಂದಿನ ರಾಷ್ಟ್ರಪತಿ ಯಾರು ಎನ್ನುವ ಪ್ರಶ್ನೆ ಬಂತು. ಕಾಂಗ್ರೆಸ್ಸಿನ ಒಳಗೆ ಆಗಲೇ ಬೆಂಕಿ ಹೊಗೆಯಾಡುತ್ತಿತ್ತು. ಒಂದು ಕಡೆ ಪ್ರಧಾನಿ ಇಂದಿರಾ ಗಾಂಧಿ. ಇನ್ನೊಂದು ಕಡೆ ನಿಜಲಿಂಗಪ್ಪ, ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್ ಇವರ ಗುಂಪು. ಪತ್ರಿಕೆಯವರು ಇವರಿಗಿಟ್ಟ ಹೆಸರು 'ಸಿಂಡಿಕೇಟ್'. (ಮಣಿಪಾಲದ ಸಿಂಡಿಕೇಟ್ ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ನಮ್ಮ ಖೋಲಿಯಲ್ಲಿ ಆ ಹೆಸರಿನ ಮೇಲೆ ನಡೆದ ತಮಾಷೆಗಳಿಗೆ ಲೆಕ್ಕವಿಲ್ಲ.)

ಜುಲೈ ಎರಡನೇ ವಾರ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಫಲಪುಷ್ಪ ಪ್ರದರ್ಶನ ನಡೆಯುವ ಅದೇ ಗಾಜಿನ ಮನೆ. ಅಧ್ಯಕ್ಷರು ಕನ್ನಡಿಗರು, ಊರು ಬೆಂಗಳೂರು... ಅಪ್ಪನಂಥವರಿಗೆ ಅದು ಮನೆ ಮದುವೆಯ ಸಡಗರ. ಇಂದಿರಾ ಗಾಂಧಿ ತಾವು ಬರುವ ಮೊದಲೇ ಫಕ್ರುದ್ದೀನ್ ಅಲಿ ಅಹಮದ್ ಅವರ ಕೈಯಲ್ಲಿ ಆರ್ಥಿಕ ನೀತಿಯ ಬಗ್ಗೆ ಒಂದು ಟಿಪ್ಪಣಿ ಕಳಿಸಿದ್ದರು. ಅವಸರದಲ್ಲಿ ಹೇಳಿ ಬರೆಸಿದ ಬಿಡಿ ಆಲೋಚನೆಗಳು ಎಂದು ಅದಕ್ಕೆ ವಿವರಣೆ ಬೇರೆ. ಬ್ಯಾಂಕ್ ರಾಷ್ಟ್ರೀಕರಣದ ಮಾತು ಅದರಲ್ಲಿತ್ತು.

ಅಲ್ಲೇ ಕಾಂಗ್ರೆಸ್ ಸಂಸದೀಯ ಮಂಡಳಿ ಸೇರಿ ರಾಷ್ಟ್ರಪತಿ ಅಭ್ಯರ್ಥಿಯನ್ನು ಆರಿಸಬೇಕಿತ್ತು. ಇಂದಿರಾ ಸೂಚಿಸಿದ್ದು ಜಗಜೀವನ್ ರಾಂ ಹೆಸರನ್ನು. ಮಂಡಳಿ ಬಹುಮತದಿಂದ ಆರಿಸಿದ್ದು ಲೋಕಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರನ್ನು. ತಮ್ಮ ಕಡೆ ಇರುತ್ತಾರೆಂದು ಇಂದಿರಾ ನಂಬಿದ್ದ ಯಶವಂತರಾವ್ ಚವಾಣ್ ಕೂಡ ರೆಡ್ಡಿಯವರಿಗೇ ಮತ ಹಾಕಿದರು. ರೆಡ್ಡಿ ನಮ್ಮ ಪಕ್ಕದ ಅನಂತಪುರ ಜಿಲ್ಲೆಯವರು, ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. ಅಪ್ಪನ ಪ್ರಕಾರ ಅಲ್ಲಿಗೆ ವಿಷಯ ಮುಗಿಯಿತು. ಮಂಡಳಿ ತೀರ್ಮಾನಿಸಿದೆ, ಪಕ್ಷ ನಡೆಸಿಕೊಡುತ್ತದೆ. ಶಿಸ್ತು ಅಂದರೆ ಅದೇ ತಾನೆ?

ಆದರೆ ಅಲ್ಲಿಂದ ಮುಂದೆ ನಡೆದದ್ದು ಪಟಪಟನೆ. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡದ್ದಾಯಿತು. 19ರ ಶನಿವಾರ 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ. ಅದಕ್ಕೆ ಸಹಿ ಮಾಡಿದವರು ಹಂಗಾಮಿ ರಾಷ್ಟ್ರಪತಿ ಗಿರಿ. ಮರುದಿನವೇ ಅವರು ರಾಜೀನಾಮೆ ಕೊಟ್ಟು, ತಾವೇ ಪಕ್ಷೇತರರಾಗಿ ಕಣಕ್ಕಿಳಿದರು. ರಾಷ್ಟ್ರಪತಿ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ! ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ರಾಷ್ಟ್ರಪತಿ ಭವನಕ್ಕೆ ಬಂದು ಕೂರಬೇಕಾಯಿತು. ಹಾಗೆ ಕೂರಲು ಅವಕಾಶ ಕೊಡುವ ಕಾನೂನನ್ನು ಸಂಸತ್ತು ಮಾಡಿದ್ದೂ ಅದೇ ವರ್ಷ, ಮೇ ತಿಂಗಳಲ್ಲಿ. ಆ ವಾರವೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ನಮ್ಮ ಬ್ಯಾಂಕಿನಲ್ಲಿ ಅದನ್ನು ಕೇಳುವವರೇ ಇರಲಿಲ್ಲ.

ಆ 14ರಲ್ಲಿ ಕೆನರಾ ಬ್ಯಾಂಕೂ ಸಿಂಡಿಕೇಟ್ ಬ್ಯಾಂಕೂ ಇದ್ದವು. ಎರಡೂ ದಕ್ಷಿಣ ಕನ್ನಡದ ಮಣ್ಣಿನಲ್ಲಿ ಹುಟ್ಟಿದವು. ನಮ್ಮ ಬ್ಯಾಂಕೂ ಆ ಪಟ್ಟಿಯಲ್ಲಿತ್ತು. ಸೋಮವಾರ ಕೆಲಸಕ್ಕೆ ಹೋದಾಗ ನಾವು ಸರ್ಕಾರಿ ನೌಕರರು! ಹುಡುಗರೆಲ್ಲ ಪೇಡೆ ಹಂಚಿದೆವು. ಆ ಖುಷಿಯಲ್ಲಿ ಅಪ್ಪನಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದೆ. "ಇಂದಿರಾಜಿಯವರು ಬಡವರ ಪರ. ನಿಮ್ಮ ಕಡೆಯ ಮುದುಕರಿಗೆ ಇದು ಅರ್ಥವಾಗುವುದಿಲ್ಲ" ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ. ಇಪ್ಪತ್ತೊಂದು ವರ್ಷದ ಕೊಬ್ಬು. ಇವತ್ತಿಗೂ ಆ ಸಾಲು ನೆನೆದರೆ ನಾಚಿಕೆಯಾಗುತ್ತದೆ.

*

ರಾಷ್ಟ್ರಪತಿ ಚುನಾವಣೆಯ ಪದ್ಧತಿಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಮತ ಹಾಕುವವರು ಸಂಸದರು ಮತ್ತು ಶಾಸಕರು. ಎಲ್ಲರ ಮತಕ್ಕೂ ಒಂದೇ ಬೆಲೆಯಿಲ್ಲ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. 1961ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ ಸುಮಾರು 2 ಕೋಟಿ 36 ಲಕ್ಷ, ಶಾಸಕರು 216. ಹಾಗಾಗಿ ನಮ್ಮ ಒಬ್ಬ ಶಾಸಕನ ಮತದ ಬೆಲೆ 109. ಉತ್ತರ ಪ್ರದೇಶದವನದು 174. ಒಬ್ಬ ಸಂಸದನ ಮತಕ್ಕೆ ಆಗ 576.

ಗೆಲ್ಲಲು ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಮತಪತ್ರದಲ್ಲಿ ಒಬ್ಬರ ಹೆಸರಿನ ಮುಂದೆ 1, ಇನ್ನೊಬ್ಬರ ಮುಂದೆ 2, ಮತ್ತೊಬ್ಬರ ಮುಂದೆ 3 ಎಂದು ಬರೆಯುತ್ತಾ ಹೋಗಬಹುದು. ಮೊದಲ ಎಣಿಕೆಯಲ್ಲಿ ಯಾರೂ ಅರ್ಧ ದಾಟದಿದ್ದರೆ ಎಲ್ಲರಿಗಿಂತ ಹಿಂದಿರುವವರನ್ನು ಒಬ್ಬೊಬ್ಬರಾಗಿ ತೆಗೆದು, ಅವರ ಮತಪತ್ರದಲ್ಲಿ ಮುಂದಿನ ಅಂಕಿ ಯಾರಿಗಿದೆಯೋ ಅವರಿಗೆ ಆ ಮತ ಸೇರಿಸುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆ ನೋಡಿದವರಿಗೆ ಇದು ಗೊತ್ತಿರುತ್ತದೆ.

ಫ್ರಾನ್ಸಿನಲ್ಲಿ ಇದನ್ನೇ ಬೇರೆ ರೀತಿ ಮಾಡುತ್ತಾರೆ. ಯಾರೂ ಅರ್ಧ ದಾಟದಿದ್ದರೆ ಮೊದಲ ಇಬ್ಬರನ್ನು ಮಾತ್ರ ಉಳಿಸಿಕೊಂಡು ಎರಡು ವಾರದ ನಂತರ ಜನ ಮತ್ತೆ ಮತಗಟ್ಟೆಗೆ ಬರುತ್ತಾರೆ. 1965ರಲ್ಲಿ ಡಿಗಾಲ್ ಅಂಥವರನ್ನೇ ಮಿತ್ತರಾಂ ಹೀಗೆ ಎರಡನೇ ಸುತ್ತಿಗೆ ಎಳೆದಿದ್ದರು. ನಮ್ಮದು ಎರಡೂ ಸುತ್ತನ್ನು ಒಂದೇ ಕಾಗದದಲ್ಲಿ ಮುಗಿಸುವ ಪದ್ಧತಿ. ಖರ್ಚು ಕಡಿಮೆ, ಸಮಯವೂ ಉಳಿತಾಯ. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. 1969ರ ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.

ಕಣದಲ್ಲಿ ಒಟ್ಟು 15 ಮಂದಿ. ಆಗ ಒಬ್ಬ ಸೂಚಕ, ಒಬ್ಬ ಅನುಮೋದಕ ಸಿಕ್ಕರೆ ಸಾಕು, ಯಾರು ಬೇಕಾದರೂ ನಿಲ್ಲಬಹುದಿತ್ತು. (1974ರಲ್ಲಿ ಇದನ್ನು ಹತ್ತತ್ತು ಮಾಡಿದರು, 1997ರಲ್ಲಿ ಐವತ್ತೈವತ್ತು.) ನಿಜವಾದ ಸ್ಪರ್ಧಿಗಳು ಮೂವರು. ಮೂರನೆಯವರು ಸಿ.ಡಿ. ದೇಶಮುಖ್. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ನೆಹರೂ ಸಂಪುಟದ ಹಣಕಾಸು ಮಂತ್ರಿ. 1956ರಲ್ಲಿ ಮುಂಬಯಿಯನ್ನು ಮಹಾರಾಷ್ಟ್ರದಿಂದ ಬೇರೆ ಇಡುವ ತೀರ್ಮಾನಕ್ಕೆ ಪ್ರತಿಭಟಿಸಿ ಮಂತ್ರಿಗಿರಿ ಬಿಸಾಕಿ ಬಂದವರು. ನಮ್ಮ ಚಾಳಿನ ಮರಾಠಿ ಹಿರಿಯರು ಅವರ ಹೆಸರೆತ್ತಿದರೆ ಕೈ ಮುಗಿಯುತ್ತಿದ್ದರು. ಈ ಬಾರಿ ಅವರ ಹಿಂದೆ ಇದ್ದದ್ದು ಜನಸಂಘ ಮತ್ತು ಸ್ವತಂತ್ರ ಪಕ್ಷ. ಗಿರಿಯವರ ಹಿಂದೆ ಕಮ್ಯುನಿಸ್ಟರು, ಡಿಎಂಕೆ, ಅಕಾಲಿಗಳು, ಜೊತೆಗೆ ಬಾಯಿಬಿಟ್ಟು ಹೇಳದ ಇಂದಿರಾ ಗಾಂಧಿ.

ಬಾಯಿಬಿಟ್ಟು ಹೇಳುವುದು ಸಾಧ್ಯವೂ ಇರಲಿಲ್ಲ. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದವರು ಸ್ವತಃ ಅವರೇ! ಬಹಿರಂಗವಾಗಿ ತಿರುಗಿ ಬೀಳಲು ಒಂದು ಕಾರಣ ಬೇಕಿತ್ತು.

ಆ ಕಾರಣವನ್ನು ಕೈಗೆ ಕೊಟ್ಟವರು ನಿಜಲಿಂಗಪ್ಪನವರು. ಲೆಕ್ಕ ಬಲ್ಲ ವಕೀಲರು ಅವರು. ಮೊದಲ ಎಣಿಕೆಯಲ್ಲಿ ಯಾರೂ ಅರ್ಧ ದಾಟಲಿಕ್ಕಿಲ್ಲ, ದೇಶಮುಖ್ ಮೂರನೆಯವರಾಗಿ ಹೊರಬೀಳುತ್ತಾರೆ, ಆಗ ಅವರ ಮತಪತ್ರದಲ್ಲಿ '2' ಎಂದು ಯಾರ ಮುಂದೆ ಬರೆದಿದೆಯೋ ಅವರೇ ರಾಷ್ಟ್ರಪತಿ. ಇದನ್ನು ಸರಿಯಾಗಿ ಊಹಿಸಿ ಅವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾದರು. ನಿಮ್ಮ ಮೊದಲ ಮತ ದೇಶಮುಖರಿಗೇ ಇರಲಿ, ಎರಡನೆಯದನ್ನು ರೆಡ್ಡಿಯವರಿಗೆ ಕೊಡಿ ಎಂಬ ಕೋರಿಕೆ.

ದೆಹಲಿಯಲ್ಲಿ ಗುಲ್ಲೆದ್ದಿತು. ಕಾಂಗ್ರೆಸ್ ಅಧ್ಯಕ್ಷರು ಬಲಪಂಥದವರ ಜೊತೆ ಸೇರಿ ಪ್ರಧಾನಿಯನ್ನು ಇಳಿಸಲು ಹೊರಟಿದ್ದಾರೆ ಎಂದು ಇಂದಿರಾ ಬಣ ಕೂಗಿತು. ಜಗಜೀವನ್ ರಾಂ, ಫಕ್ರುದ್ದೀನ್ ಅಲಿ ಅಹಮದ್ ವಿವರಣೆ ಕೇಳಿದರು. ಮತದಾನಕ್ಕೆ ಕೆಲವೇ ದಿನ ಇರುವಾಗ ಹೊರಬಂತು ಆ ಮಾತು: ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ.

*

ಆಗಸ್ಟ್ 16ರಂದು ಮತದಾನ, 20ರ ಬುಧವಾರ ಎಣಿಕೆ. ಆ ಸಂಜೆ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ರೇಡಿಯೋ ಸುತ್ತ ನಿಂತಿದ್ದೆವು. ಮೊದಲ ಎಣಿಕೆಯಲ್ಲಿ ತೀರ್ಮಾನವಾಗಿಲ್ಲ ಎಂದಾಗ ಮಾಣಿಯಿಂದ ಹಿಡಿದು ಗಲ್ಲದ ಮೇಲಿನ ಯಜಮಾನರವರೆಗೆ ಎಲ್ಲರೂ ಸುಮ್ಮನಾದರು. "ಇದೆಂತ ಮಾರಾಯ, ಗೆದ್ದದ್ದು ಯಾರು ಅಂತ ಹೇಳ್ಲಿಕ್ಕೆ ಇಷ್ಟೊತ್ತಾ?" ಎಂದು ನನ್ನ ಖೋಲಿಯವನೊಬ್ಬ ಗೊಣಗಿದ್ದು ನೆನಪಿದೆ. ಕೊನೆಗೆ ಗಿರಿ ಗೆದ್ದರು. ನಾವು ಕುಣಿದೆವು.

ವಾರದ ನಂತರ ಅಪ್ಪನ ಪತ್ರ ಬಂತು. ನಾಲ್ಕೇ ಸಾಲು. "ಮೊದಲ ಎಣಿಕೆಯಲ್ಲಿ ಆಗದ ಗೆಲುವನ್ನು ಎರಡನೇ ಎಣಿಕೆ ಅಂತ ಮಾಡಿ ಗೆದ್ದರು. ಇದು ಮೋಸ. ನಿನ್ನ ಮುದುಕರು ಸೋತರು, ಸಂತೋಷ ಪಡು." ಆಮೇಲೆ ಎಂಟು ತಿಂಗಳು ಪತ್ರವೇ ಇಲ್ಲ. ನಾನೂ ಬರೆಯಲಿಲ್ಲ. ಅಮ್ಮನ ಪರವಾಗಿ ತಂಗಿ ಬರೆಯುತ್ತಿದ್ದಳು.

ಆಮೇಲೆ ಮಾತು ಬಂತು ಬಿಡಿ. ಊರಿಗೆ ಹೋದೆ, ಮದುವೆಯಾಯಿತು, ಮಕ್ಕಳಾದವು. ಆದರೆ ಆ ವಿಷಯ ಬಂದಾಗಲೆಲ್ಲ ಅಪ್ಪನದು ಒಂದೇ ಮಾತು: "ಎರಡನೇ ಎಣಿಕೇಲಿ ಏನೋ ಆಗೈತೆ ಕಣಪ್ಪ." ನಾನು ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ಹತ್ತಿರವೂ ಅಂಕಿ-ಅಂಶ ಇರಲಿಲ್ಲ. 1988ರಲ್ಲಿ ಅಪ್ಪ ಹೋದರು.

ನಿವೃತ್ತಿಯಾದ ಮೇಲೆ ಒಂದು ದಿನ ಆ ಚುನಾವಣೆಯ ಅಂಕಿಗಳು ಕೈಗೆ ಸಿಕ್ಕವು. ಹಳೆಯ ಲೆಡ್ಜರ್ ನೋಡುವವನಂತೆ ಪೆನ್ಸಿಲ್ ಹಿಡಿದು ಕೂತೆ. ನೀವೂ ನೋಡಿ.

ಮೊದಲ ಎಣಿಕೆ:
ವಿ.ವಿ. ಗಿರಿ – 4,01,515
ಸಂಜೀವ ರೆಡ್ಡಿ – 3,13,548
ಸಿ.ಡಿ. ದೇಶಮುಖ್ – 1,12,769
ಉಳಿದ 12 ಮಂದಿ ಸೇರಿ – 8,505
ಒಟ್ಟು – 8,36,337. ಗೆಲ್ಲಲು ಬೇಕಾದದ್ದು 4,18,169.

ಕೊನೆಯ ಎಣಿಕೆ:
ಗಿರಿ – 4,20,077
ರೆಡ್ಡಿ – 4,05,427

ಮೊದಲ ಎಣಿಕೆಯಲ್ಲಿ ಗಿರಿ 87,967 ಮತ ಮುಂದಿದ್ದರು. ಕೊನೆಯಲ್ಲಿ ಉಳಿದ ಅಂತರ ಬರೀ 14,650! ಅಂದರೆ ಎರಡನೇ ಎಣಿಕೆಯಲ್ಲಿ ರೆಡ್ಡಿ ಸೋಲಲಿಲ್ಲ, ಗಿರಿಯವರನ್ನು ಬೆನ್ನಟ್ಟಿ ಹತ್ತಿರ ಬಂದರು. ಹೊಸದಾಗಿ ಹಂಚಿಕೆಯಾದ ಮತಗಳಲ್ಲಿ ರೆಡ್ಡಿಯವರಿಗೆ ಬಂದದ್ದು 91,879, ಗಿರಿಯವರಿಗೆ 18,562. ನೂರರಲ್ಲಿ 83 ರೆಡ್ಡಿಯವರ ಪಾಲು. ಉಳಿದ 10,833 ಮತಗಳಷ್ಟು ಪತ್ರಗಳಲ್ಲಿ ಇಬ್ಬರ ಹೆಸರಿನ ಮುಂದೆಯೂ ಅಂಕಿಯೇ ಇರಲಿಲ್ಲ.

ಇನ್ನೊಂದು ಲೆಕ್ಕ ಹಾಕಿದೆ. ಆ 12 ಮಂದಿ ಸಣ್ಣ ಅಭ್ಯರ್ಥಿಗಳ ಅಷ್ಟೂ ಮತ ಗಿರಿಯವರಿಗೇ ಬಂದಿದ್ದರೂ ಅವರು 8,149ರಷ್ಟು ಹಿಂದೆ ಉಳಿಯುತ್ತಿದ್ದರು. ಹಾಗಾಗಿ ದೇಶಮುಖರ ಕಟ್ಟು ಬಿಚ್ಚದೆ ರಾಷ್ಟ್ರಪತಿ ತೀರ್ಮಾನವಾಗುವಂತೆಯೇ ಇರಲಿಲ್ಲ. ನಿಜಲಿಂಗಪ್ಪನವರು ಊಹಿಸಿದ್ದು ಅಕ್ಷರಶಃ ನಿಜವಾಯಿತು. ಅವರು ಕೇಳಿದ ಎರಡನೇ ಮತಗಳು ರೆಡ್ಡಿಯವರಿಗೆ ರಾಶಿ ರಾಶಿಯಾಗಿ ಬಂದವು.

ಮತ್ತೆ ಸೋತದ್ದೆಲ್ಲಿ? ಮೊದಲನೆಯದರಲ್ಲಿ. 1967ರ ಚುನಾವಣೆಯಲ್ಲಿ ಲೋಕಸಭೆಯ 520 ಸ್ಥಾನಗಳಲ್ಲಿ 283 ಗೆದ್ದಿದ್ದ ಪಕ್ಷದ ಅಧಿಕೃತ ಅಭ್ಯರ್ಥಿಗೆ ಬಂದ ಮೊದಲ ಪ್ರಾಶಸ್ತ್ಯದ ಮತ ನೂರಕ್ಕೆ 38 ಕೂಡ ಇಲ್ಲ! ಸ್ವಂತ ಮನೆಯವರೇ '1' ಎಂದು ಗಿರಿಯವರ ಮುಂದೆ ಬರೆದಿದ್ದರು.

ಆಗಲೇ ಹೇಳಿದ ಸೂಕ್ಷ್ಮ ಇದೇ ನೋಡಿ. ಫ್ರಾನ್ಸಿನಂಥ ಕಡೆ ಮೊದಲ ಸುತ್ತು ಮುಗಿದ ಮೇಲೆ ಮೂರನೆಯವನ ಬೆಂಬಲಿಗರನ್ನು ಕೇಳಲು ಹೋಗುತ್ತಾರೆ. ಅಷ್ಟು ಹೊತ್ತಿಗೆ ಸ್ವಂತ ಮತ ಪೆಟ್ಟಿಗೆಗೆ ಬಿದ್ದು ಭದ್ರವಾಗಿರುತ್ತದೆ. ಅಲ್ಲಿ ಅದು ತಪ್ಪೂ ಅಲ್ಲ, ಬಹಿರಂಗವಾಗಿಯೇ ಕೇಳುತ್ತಾರೆ. ನಮ್ಮ ಪದ್ಧತಿಯಲ್ಲಿ ಎರಡೂ ಮತ ಒಂದೇ ಕಾಗದದಲ್ಲಿ ಇರುವುದರಿಂದ ಎರಡನೆಯದನ್ನೂ ಮೊದಲೇ ಕೇಳಬೇಕು. ಕೇಳಿದ ಸುದ್ದಿ ಹೊರಬಿದ್ದರೆ ಮೊದಲನೆಯದಕ್ಕೇ ಪೆಟ್ಟು. ನಿಜಲಿಂಗಪ್ಪನವರು ಪಕ್ಕದ ಮನೆಯ ಬಾಗಿಲು ತಟ್ಟಿದಾಗ, ಸ್ವಂತ ಮನೆಯಲ್ಲಿ ಹೊರಡಲು ನೆಪ ಹುಡುಕುತ್ತಿದ್ದವರಿಗೆ ಅದೇ ನೆಪವಾಯಿತು. ಆ ಭೇಟಿಗಳಿಲ್ಲದಿದ್ದರೂ ಇಂದಿರಾ ಬೇರೊಂದು ಕಾರಣ ಹುಡುಕುತ್ತಿದ್ದರು ಎನ್ನುವವರಿದ್ದಾರೆ. ಇರಬಹುದು. ಆದರೆ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ ಕೈಯನ್ನು ಹಿಂದೆಗೆಯಲು ಅದಕ್ಕಿಂತ ಒಳ್ಳೆಯ ಕಾರಣ ಸಿಗುತ್ತಿತ್ತೇ?

ಅಪ್ಪನ ಸಿಟ್ಟಿನಲ್ಲೂ ಅರ್ಧ ನ್ಯಾಯವಿತ್ತು ಎಂದು ಈಗ ಅನ್ನಿಸುತ್ತದೆ. ಮೋಸ ಎಣಿಕೆಯಲ್ಲಿ ಆಗಲಿಲ್ಲ. ಆದರೆ ಮಂಡಳಿಯಲ್ಲಿ ಸೋತ ಮೇಲೂ ಸಹಿ ಹಾಕಿ, ಆಮೇಲೆ ಆತ್ಮಸಾಕ್ಷಿಯ ಮಾತೆತ್ತಿದ್ದನ್ನು ಅಪ್ಪನಂಥ ಹಳೆಯ ಕಾಂಗ್ರೆಸ್ಸಿಗರು ಹೇಗೆ ಸಹಿಸಿಯಾರು? ರಾಷ್ಟ್ರಪತಿ ಚುನಾವಣೆ ಗುಪ್ತ ಮತದಾನ, ಪಕ್ಷಗಳು ವಿಪ್ ಕೊಡುವಂತಿಲ್ಲ, ಕಾನೂನಿನ ಪ್ರಕಾರ ತಪ್ಪೇನಿಲ್ಲ. ಅದು ಬೇರೆ ಮಾತು.

ನನ್ನ ಕಡೆಯ ಜಂಬಕ್ಕೂ ಈ ಅಂಕಿಗಳಲ್ಲಿ ಜಾಗವಿಲ್ಲ. "ದೇಶವೇ ಗಿರಿಯವರ ಹಿಂದೆ ನಿಂತಿತು" ಎಂದು ನಾವು ಖೋಲಿಯಲ್ಲಿ ಕೂಗಿದ್ದೇ ಕೂಗಿದ್ದು. ಅವರು ಗೆಲುವಿನ ಗೆರೆ ದಾಟಿದ್ದು 1,908 ಮತಗಳಿಂದ, ನಾಲ್ಕು ಸಂಸದರ ಮತಕ್ಕೂ ಕಡಿಮೆ. 13 ಮಂದಿ ಸಂಸದರು ಗಿರಿಯವರನ್ನು ಬಿಟ್ಟು ರೆಡ್ಡಿಯವರ ಕಡೆ ಬಂದಿದ್ದರೆ ಸಂಜೀವ ರೆಡ್ಡಿ ಆವತ್ತೇ ರಾಷ್ಟ್ರಪತಿ.

*

ಆ ಹದಿಮೂರು ಮಂದಿ ಬಂದಿದ್ದರೆ? ಕಾಂಗ್ರೆಸ್ ಅಷ್ಟು ಬೇಗ ಒಡೆಯುತ್ತಿತ್ತೋ ಇಲ್ಲವೋ. ಆದದ್ದಂತೂ ಇದು: ಅದೇ ವರ್ಷ ನವೆಂಬರ್ 12ರಂದು ನಿಜಲಿಂಗಪ್ಪನವರ ಕಡೆಯವರು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದರು. ಪಕ್ಷ ಎರಡಾಯಿತು. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜೊತೆ ಉಳಿದರು, ದೇವರಾಜ ಅರಸು ಇಂದಿರಾ ಕಡೆ ಹೋದರು. 1971ರ ಲೋಕಸಭಾ ಚುನಾವಣೆಯಲ್ಲಿ ಅಪ್ಪ ಚರಕ ತಿರುಗಿಸುವ ಹೆಂಗಸಿನ ಗುರುತಿಗೆ ಮತ ಹಾಕಿದರು. ಹಸು-ಕರುವಿನ ಗುರುತು ರಾಜ್ಯದ 27ಕ್ಕೆ 27 ಸ್ಥಾನವನ್ನೂ ಬಾಚಿಕೊಂಡಿತು. ಅದೇ ಮಾರ್ಚಿಯಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು. 1972ರಲ್ಲಿ ಅರಸು ಮುಖ್ಯಮಂತ್ರಿ. ಮುಂದೆ ಬಂದ ಭೂಸುಧಾರಣೆ, ಹಿಂದುಳಿದವರ ರಾಜಕೀಯ, ಎಲ್ಲದಕ್ಕೂ ದಾರಿ ಬಿಟ್ಟುಕೊಟ್ಟದ್ದು ಈ ಒಡಕೇ. ಗಾಜಿನ ಮನೆಯಲ್ಲಿ ಶುರುವಾದ ಜಗಳ ನಮ್ಮ ಹಳ್ಳಿಯ ಗೇಣಿದಾರನ ಹೊಲದವರೆಗೆ ಬಂತು.

ಗಿರಿಯವರ ಆಯ್ಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ತಕರಾರು ಹೋಯಿತು. ರೆಡ್ಡಿಯವರ ಮೇಲೆ ಕೆಸರೆರಚುವ ಒಂದು ಕರಪತ್ರವನ್ನು ಸಂಸದರಿಗೆ ಹಂಚಿದ್ದರು ಎನ್ನುವುದು ದೂರುಗಳಲ್ಲಿ ಮುಖ್ಯವಾದದ್ದು. 1970ರಲ್ಲಿ ಅಧಿಕಾರದಲ್ಲಿದ್ದ ರಾಷ್ಟ್ರಪತಿ ಸ್ವತಃ ಕೋರ್ಟಿಗೆ ಬಂದು ಸಾಕ್ಷಿ ಹೇಳಿದರು. ಕೋರ್ಟು ತಕರಾರನ್ನು ವಜಾ ಮಾಡಿತು.

ಸಂಜೀವ ರೆಡ್ಡಿಯವರ ಕಥೆ ಸೋಲಿಗೆ ಮುಗಿಯಲಿಲ್ಲ. 1977ರಲ್ಲಿ ಆಂಧ್ರದ ನಂದ್ಯಾಲದಿಂದ ಜನತಾ ಪಕ್ಷದ ಏಕೈಕ ಸಂಸದರಾಗಿ ಗೆದ್ದು ಬಂದರು, ಮತ್ತೆ ಲೋಕಸಭಾಧ್ಯಕ್ಷರಾದರು, ಅದೇ ವರ್ಷ ರಾಷ್ಟ್ರಪತಿಯಾದರು. ಈ ಬಾರಿ ಮೊದಲ ಎಣಿಕೆಯೂ ಬೇಕಾಗಲಿಲ್ಲ, ಅವಿರೋಧ ಆಯ್ಕೆ! ಉಳಿದವರ ನಾಮಪತ್ರಗಳೆಲ್ಲ ತಿರಸ್ಕೃತವಾಗಿದ್ದವು. ಆವತ್ತು ಅಪ್ಪ ನನಗೊಂದು ಕಾರ್ಡು ಹಾಕಿದ್ದರು. "ರೆಡ್ಡಿಯವರು ರಾಷ್ಟ್ರಪತಿ ಆದರು. ತಡವಾಯಿತು" ಎಂದಷ್ಟೇ. 2022ರವರೆಗೆ 16 ರಾಷ್ಟ್ರಪತಿ ಚುನಾವಣೆಗಳಾಗಿವೆ. ಎರಡನೇ ಎಣಿಕೆಯ ಅಗತ್ಯ ಬಿದ್ದದ್ದು 1969ರದ್ದಕ್ಕೆ ಮಾತ್ರ.

ನಿಜಲಿಂಗಪ್ಪನವರು 2000ದ ಆಗಸ್ಟಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಇದ್ದದ್ದು ಚಿತ್ರದುರ್ಗದಲ್ಲೇ. ಆ ಊರಿನ ಬೀದಿಯಲ್ಲಿ ಒಂದು ಸಲ, ಎಂಬತ್ತರ ದಶಕದಲ್ಲಿ, ಅಪ್ಪನ ಜೊತೆ ಹೋಗುವಾಗ ಅವರನ್ನು ದೂರದಿಂದ ನೋಡಿದ್ದೆ. ಬಿಳಿ ಪಂಚೆ, ಬಿಳಿ ಜುಬ್ಬ. ಅಪ್ಪ ರಸ್ತೆಯಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದರು. ನಾನೂ ಮುಗಿದೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಪ್ಪ ಏನೂ ಮಾತಾಡಲಿಲ್ಲ.

ಈ ಲೆಕ್ಕ ಅಪ್ಪ ಇದ್ದಾಗಲೇ ನನ್ನ ಕೈಯಲ್ಲಿದ್ದಿದ್ದರೆ ಹೊಳಲ್ಕೆರೆಯ ಬಸ್ಸು ಹತ್ತಿ ಹೋಗಿ ಅವರ ಮುಂದೆ ಕಾಗದ ಹರಡುತ್ತಿದ್ದೆ. "ನೋಡಪ್ಪಾ, ನಿಮ್ಮ ನಾಯಕರ ಲೆಕ್ಕ ತಪ್ಪಿರಲಿಲ್ಲ. ಎರಡನೇ ಮತ ಕೇಳಿದ್ದರು, ಅದು ಬಂತು. ಬರದೇ ಹೋದದ್ದು ನಿಮ್ಮವರದೇ ಮೊದಲ ಮತ" ಎನ್ನುತ್ತಿದ್ದೆ. ಅದರಿಂದ ಅವರಿಗೆ ಸಮಾಧಾನವಾಗುತ್ತಿತ್ತೋ, ಇನ್ನೂ ಹೆಚ್ಚು ನೋವಾಗುತ್ತಿತ್ತೋ ಹೇಳಲಾರೆ.

ಆ ಭಾನುವಾರ ಮೊಮ್ಮಗ ಎಲ್ಲ ಕೇಳಿ ಕೊನೆಗೆ ಒಂದು ಪ್ರಶ್ನೆ ಹಾಕಿದ. "ಹಾಗಾದ್ರೆ ಅಜ್ಜ, ನೀನು ಮುತ್ತಜ್ಜಂಗೆ ಸಾರಿ ಹೇಳಿದ್ಯಾ, ಆ ಪತ್ರಕ್ಕೆ?"

ಇಲ್ಲ. ಹೇಳಲಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಹಳೆಯ ಜಗಳವೊಂದು ಉಳಿದಿದ್ದರೆ, ಲೆಕ್ಕ ಸಿಗುವವರೆಗೆ ಕಾಯಬೇಡಿ.